ಯಾರೂ ನೋಡದ ಪೆಟ್ಟಿಗೆ, ಕಣ್ಣು ಬಿಡದ ಗೋಡೆ

ಪ್ರಶ್ನೆ: ಶರ್ಲಿ ಜಾಕ್ಸನ್ ಅವರ ‘ದಿ ಲಾಟರಿ’ ಮತ್ತು ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ ‘ದಿ ಯೆಲ್ಲೋ ವಾಲ್‌ಪೇಪರ್’ ಕತೆಗಳ ಸಂಕೇತಗಳನ್ನು ಹೋಲಿಸಿ ಪ್ರಬಂಧ ಬರೆಯಬೇಕಾಗಿದೆ. ಕಪ್ಪು ಪೆಟ್ಟಿಗೆ ಎಂದರೆ ಕುರುಡು ಸಂಪ್ರದಾಯ, ಗೋಡೆಯ ಹಳದಿ ಕಾಗದ ಎಂದರೆ ಹೆಣ್ಣಿನ ಬಂಧನ ಎಂದು ಬರೆದೆ. ಎರಡೇ ಸಾಲಿಗೆ ಮುಗಿದುಹೋಯಿತು. ಮುಂದೇನು ಬರೆಯಲಿ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನೀವು ಬರೆದ ಎರಡು ಸಾಲೂ ತಪ್ಪಲ್ಲ. ಆದರೆ ಅವು ಓದಿನ ಕೊನೆಗೆ ಕೈಗೆ ಸಿಗಬೇಕಾದ ಮಾತುಗಳು. ನೀವು ಅಲ್ಲಿಂದಲೇ ಹೊರಟಿದ್ದೀರಿ. ನಾನೂ ‘ದಿ ಲಾಟರಿ’ಯನ್ನು ಮೊದಲ ಸಲ ಓದಿದಾಗ, ಪೆಟ್ಟಿಗೆಯ ಪ್ರಸ್ತಾಪ ಬಂದಲ್ಲೆಲ್ಲ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಸಂಪ್ರದಾಯ’ ಎಂದು ಗೀಚುತ್ತ ಹೋಗಿದ್ದೆ. ವರ್ಷಗಳ ನಂತರ ಅದೇ ಪ್ರತಿಯನ್ನು ತೆರೆದಾಗ ಅರಿವಾಯಿತು: ಆ ಪದ ಬರೆದ ಕ್ಷಣದಿಂದ ನಾನು ಪೆಟ್ಟಿಗೆಯನ್ನು ನೋಡುವುದನ್ನೇ ಬಿಟ್ಟಿದ್ದೆ. ಈಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಕತೆಯೊಳಗೆ ಆ ವಸ್ತುವನ್ನು ಯಾರು ನೋಡುತ್ತಾರೆ, ಅದನ್ನು ಹೇಗೆ ಇಟ್ಟುಕೊಂಡಿದ್ದಾರೆ?

1948ರಲ್ಲಿ ಪ್ರಕಟವಾದ ಜಾಕ್ಸನ್ ಕತೆಯಲ್ಲಿ ಊರಿನವರು ವರ್ಷಕ್ಕೊಮ್ಮೆ ಚೀಟಿ ಎತ್ತಿ, ಕಪ್ಪು ಚುಕ್ಕೆಯ ಚೀಟಿ ಬಂದವರನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ. ಉಳಿದ ದಿನಗಳಲ್ಲಿ ಆ ಚೀಟಿಯ ಪೆಟ್ಟಿಗೆ ಒಂದು ವರ್ಷ ಯಾರದೋ ಕೊಟ್ಟಿಗೆಯಲ್ಲಿ, ಇನ್ನೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಲಿಗೆ ತೊಡರುತ್ತ, ಕೆಲವೊಮ್ಮೆ ದಿನಸಿ ಅಂಗಡಿಯ ಶೆಲ್ಫಿನಲ್ಲಿ ಬಿದ್ದಿರುತ್ತದೆ. ಬಣ್ಣ ಮಾಸಿದೆ, ಒಂದು ಮಗ್ಗುಲು ಸೀಳಿ ಒಳಗಿನ ಮರ ಕಾಣುತ್ತಿದೆ. ಹೊಸದು ಮಾಡಿಸೋಣ ಎಂಬ ಮಾತು ಪ್ರತಿವರ್ಷ ಏಳುತ್ತದೆ, ಪ್ರತಿವರ್ಷ ಅಡಗುತ್ತದೆ. ಮೂಲ ಪೆಟ್ಟಿಗೆ ಎಂದೋ ಕಳೆದಿದೆ, ವಿಧಿಗಳು ಮರೆತುಹೋಗಿವೆ. ಕಲ್ಲು ಮಾತ್ರ ನೆನಪಿದೆ. ಈ ಪೆಟ್ಟಿಗೆಯನ್ನು ಯಾರೂ ಪೂಜಿಸುವುದಿಲ್ಲ, ರಿಪೇರಿಯನ್ನೂ ಮಾಡಿಸುವುದಿಲ್ಲ. ನನ್ನನ್ನು ಹೆದರಿಸುವುದು ಆ ಅಲಕ್ಷ್ಯವೇ. ‘ಸಂಪ್ರದಾಯ’ ಎಂದುಬಿಟ್ಟರೆ ಅದು ಕೈತಪ್ಪುತ್ತದೆ.

ಗಿಲ್ಮನ್ ಅವರ 1892ರ ಕತೆಯಲ್ಲಾದರೋ ಕಣ್ಣು ಗೋಡೆಯನ್ನು ಬಿಟ್ಟು ಕದಲುವುದಿಲ್ಲ. ವೈದ್ಯನಾದ ಗಂಡ ವಿಶ್ರಾಂತಿಯ ಹೆಸರಿನಲ್ಲಿ ಹೆಂಡತಿಗೆ ಬರವಣಿಗೆ ಬಿಡಿಸಿ, ಕಿಟಕಿಗೆ ಸರಳುಗಳಿರುವ ಕೋಣೆಯಲ್ಲಿ ಇರಿಸಿದ್ದಾನೆ. ಬರೆಯುವಂತಿಲ್ಲದವಳು ಗೋಡೆಯನ್ನು ಓದತೊಡಗುತ್ತಾಳೆ. ಮೊದಲು ಅದರ ಚಿತ್ತಾರ ಕಣ್ಣಿಗೆ ಹಿಂಸೆ. ಬೆಳದಿಂಗಳಲ್ಲಿ ಅದೇ ಸರಳುಗಳಾಗುತ್ತದೆ. ಸರಳುಗಳ ಹಿಂದೆ ಒಬ್ಬ ಹೆಂಗಸು ಮೂಡುತ್ತಾಳೆ. ಕಾಗದದ ವಾಸನೆ ಇವಳ ಕೂದಲಿಗೂ ಅಂಟುತ್ತದೆ. ನಡುವೆ ಒಂದು ಸಣ್ಣ ವಿವರವಿದೆ, ಅವಸರದಲ್ಲಿ ಓದಿದರೆ ತಪ್ಪಿಹೋಗುತ್ತದೆ. ಗೋಡೆಯ ಬುಡದಲ್ಲಿ, ಕೋಣೆಯ ಸುತ್ತಲೂ, ಯಾರೋ ಮತ್ತೆ ಮತ್ತೆ ಉಜ್ಜಿದಂಥ ಉದ್ದನೆಯ ಗೆರೆ. ಯಾರು ಮಾಡಿದ್ದು, ಏಕೆ ಎಂದು ಅವಳು ಅಚ್ಚರಿಪಡುತ್ತಾಳೆ. ಕತೆಯ ಕೊನೆಗೆ ಅವಳು ನೆಲದ ಮೇಲೆ ತೆವಳುವಾಗ ಅವಳ ಭುಜ ಆ ಗೆರೆಗೆ ಸರಿಯಾಗಿ ಕೂರುತ್ತದೆ. ಅಲ್ಲಿಗೆ ಬಂದಾಗ ನಾನು ಪ್ರತಿಸಲವೂ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಆ ಗೆರೆ ಈ ಮೊದಲು ಅಲ್ಲಿದ್ದ ಇನ್ನಾರದೋ, ಇವಳೇ ಹಾಕಿದ ಸುತ್ತುಗಳದೋ? ಕತೆ ಹೇಳುವುದಿಲ್ಲ.

ನಿರೂಪಣೆಯನ್ನೂ ಹೋಲಿಕೆಗೆ ಸೇರಿಸಿಕೊಳ್ಳಿ. ಜಾಕ್ಸನ್ ಹೊರಗೆ ನಿಂತು ವರದಿ ಒಪ್ಪಿಸುವವರಂತೆ ಹೇಳುತ್ತಾರೆ. ಪೆಟ್ಟಿಗೆ ಆರಂಭದಲ್ಲಿದ್ದಂತೆಯೇ ಕೊನೆಯಲ್ಲೂ ಇದೆ. ಬದಲಾಗಿರುವುದು ನಮ್ಮ ತಿಳಿವಳಿಕೆ. ಗಿಲ್ಮನ್ ಕತೆ ಗಂಡನಿಗೆ ಕಾಣದಂತೆ ಬರೆದ ದಿನಚರಿ. ಬರೆಯುವವಳ ಕಣ್ಣು ಬದಲಾದಂತೆ ಕಾಗದವೂ ಬದಲಾಗುತ್ತದೆ. ಪೆಟ್ಟಿಗೆ ಇಡೀ ಊರಿನದು, ಗೋಡೆ ಒಬ್ಬಳದೇ.

ಗಿಲ್ಮನ್ ಅವರೂ ಇಂಥದೇ ವಿಶ್ರಾಂತಿ ಚಿಕಿತ್ಸೆಗೆ ಒಳಗಾಗಿದ್ದರು ಎಂಬುದನ್ನು ಬರೆಯಿರಿ, ಒಂದೆರಡು ವಾಕ್ಯ ಸಾಕು. ಪ್ರಬಂಧವನ್ನು ಅಂಗಡಿಯ ಶೆಲ್ಫಿನಲ್ಲಿ ಬಿದ್ದಿರುವ ಪೆಟ್ಟಿಗೆಯಿಂದ ಆರಂಭಿಸಿ, ಅದರ ಪಕ್ಕದಲ್ಲಿ ಗೋಡೆಯ ಗೆರೆಯನ್ನು ತಂದಿಡಿ. ಈಗಾಗಲೇ ಬರೆದಿರುವ ಎರಡು ಸಾಲುಗಳು ಆಮೇಲೂ ಬೇಕೆನಿಸಿದರೆ ಕೊನೆಯ ಪುಟದಲ್ಲಿ ಬರಲಿ.