ಪತ್ತೇದಾರಿ ಕಥೆ ಓದಿದರೆ ಮಗು ಕೆಡುತ್ತಾ?

ಉಡುಪಿಯಿಂದ ಒಬ್ಬ ತಾಯಿ ಬರೆದಿದ್ದಾರೆ: ‘ಮಗಳು ಮೂರನೇ ಕ್ಲಾಸು. ಚಿತ್ರದ ಪುಸ್ತಕ ಕೊಟ್ಟರೆ ಇದು ಸಣ್ಣ ಮಕ್ಕಳದ್ದು ಅಂತ ಮೂಗು ಮುರಿಯುತ್ತಾಳೆ. ದಪ್ಪ ಪುಸ್ತಕವಾದರೆ ನಾಲ್ಕು ಪುಟಕ್ಕೆ ಮಡಚಿಡುತ್ತಾಳೆ. ಪತ್ತೇದಾರಿ ಅಂದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ. ಆದರೆ ಅತ್ತೆಗೆ ಕಳ್ಳತನ, ಕೊಲೆ ಎಲ್ಲ ಈಗಲೇ ಯಾಕೆ ಎಂಬ ಚಿಂತೆ. ಏನು ಕೊಡಲಿ?’

ಅತ್ತೆಯವರಿಗೆ ಧೈರ್ಯ ಹೇಳಿ. ಈ ವಯಸ್ಸಿನವರ ಪತ್ತೇದಾರಿ ಕಥೆಗಳಲ್ಲಿ ಸಾಮಾನ್ಯವಾಗಿ ಹೆಣ ಬೀಳುವುದಿಲ್ಲ. ಕಾಣೆಯಾಗುವುದು ಬೆಕ್ಕು, ಬೀಗದ ಕೈ, ಅಂಥವು. 1972ರಲ್ಲಿ ಶುರುವಾದ ಇಂಗ್ಲಿಷಿನ ‘ನೇಟ್ ದಿ ಗ್ರೇಟ್’ ಸರಣಿಯ ಮೊದಲ ಪುಸ್ತಕವನ್ನೇ ನೋಡಿ. ಹುಡುಗಿಯೊಬ್ಬಳು ಹಳದಿ ಬಣ್ಣದಲ್ಲಿ ಬಿಡಿಸಿದ ನಾಯಿಯ ಚಿತ್ರ ಕಳೆದುಹೋಗಿದೆ. ಅವಳ ತಮ್ಮ ಏನೇ ಬಿಡಿಸಲಿ, ಕೆಂಪು ಬಣ್ಣವೇ ಬೇಕು. ಅವನ ಚಿತ್ರಗಳ ಮಧ್ಯೆ ಒಂದು ಮಾತ್ರ ಕಿತ್ತಳೆ! ಹಳದಿ ಮೇಲೆ ಕೆಂಪು ಬಳಿದರೆ ಏನಾಗುತ್ತದೆ ಅಂತ ಪೇಂಟ್ ಡಬ್ಬಿ ಹಿಡಿದ ಯಾವ ಮಗುವಿಗೆ ಗೊತ್ತಿಲ್ಲ? (ಗುಟ್ಟು ಬಿಟ್ಟುಕೊಟ್ಟೆ, ಈ ಪುಟ ಮಗಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.) ತನಗೆ ಗೊತ್ತಿರುವುದರಿಂದಲೇ ಮಗು ಉತ್ತರ ಹುಡುಕುವ ಹಾಗಿರಬೇಕು. ಪುಸ್ತಕ ಆರಿಸುವಾಗ ನಾನು ಮೊದಲು ನೋಡುವುದು ಅದನ್ನೇ.

ಇಷ್ಟು ದಿನ ಅರ್ಧ ಕಥೆಯನ್ನು ಚಿತ್ರಗಳೇ ಹೇಳುತ್ತಿದ್ದವು. ಈಗ ಪುಟ ತಿರುಗಿಸಲು ಬೇರೆ ಕಾರಣ ಬೇಕು, ಅಲ್ವಾ? ‘ಯಾರು ಮಾಡಿದ್ದು’ ಎಂಬ ಪ್ರಶ್ನೆ ಆ ಕಾರಣ. ಸರಣಿಯಾದರೆ ಇನ್ನೂ ಸುಲಭ, ಎರಡನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಪಾತ್ರಗಳೆಲ್ಲ ಪರಿಚಯದವರು. ಹಾಗಾಗಿ ‘ಒಂದೇ ಸರಣಿಗೆ ಅಂಟಿಕೊಂಡಿದ್ದಾಳೆ’ ಅಂತ ಮುಂದೆ ನನಗೆ ದೂರು ಬರೆಯಬೇಡಿ. ಅಂಟಿಕೊಳ್ಳಲಿ ಬಿಡಿ.

ನೇಟ್ ಆದ ಮೇಲೆ ‘ಕ್ಯಾಮ್ ಜಾನ್ಸೆನ್’ ಕೊಡಬಹುದು. ಕಂಡದ್ದನ್ನೆಲ್ಲ ‘ಕ್ಲಿಕ್’ ಅಂತ ಹೇಳಿ ನೆನಪಿನಲ್ಲಿಟ್ಟುಕೊಳ್ಳುವ ಹುಡುಗಿ ಅವಳು. ಆಮೇಲೆ ‘ಎ ಟು ಝಡ್ ಮಿಸ್ಟರೀಸ್’, ಅಕ್ಷರಕ್ಕೊಂದರಂತೆ 26 ಪುಸ್ತಕ. 1963ರಲ್ಲಿ ಶುರುವಾದ ‘ಎನ್‌ಸೈಕ್ಲೋಪೀಡಿಯಾ ಬ್ರೌನ್’ನಲ್ಲಿ ಉತ್ತರಗಳು ಪುಸ್ತಕದ ಕೊನೆಯಲ್ಲಿರುತ್ತವೆ. ಮಜಾ ಇದೆ, ಆದರೆ ಕೆಲವು ಸುಳಿವು ಹಿಡಿಯಲು ಅಮೆರಿಕದ ಸಂಗತಿ ಗೊತ್ತಿರಬೇಕು. ಒಂದೆರಡು ವರ್ಷ ತಡೆಯಿರಿ.

ಕನ್ನಡದಲ್ಲಿ? ಇಂಥ ಸರಣಿಗಳು ನಮ್ಮಲ್ಲಿ ಸಾಲದು, ಇದು ನನ್ನ ಹಳೇ ತಕರಾರು. ಸದ್ಯಕ್ಕೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಜಾಲತಾಣ ನೋಡಿ. ಉಚಿತ, ಕನ್ನಡದ್ದೂ ಇದೆ, ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೂರು, ನಾಲ್ಕನೇ ಹಂತದ್ದು ಹುಡುಕಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಒತ್ತಕ್ಷರದ ಹತ್ತಿರ ಮಗು ತಡವರಿಸಿದರೆ ಅದು ದಡ್ಡತನವಲ್ಲ, ಅಭ್ಯಾಸ ಕಡಿಮೆ ಅಷ್ಟೇ. ಮೊದಲ ಅಧ್ಯಾಯ ನೀವೇ ಗಟ್ಟಿಯಾಗಿ ಓದಿ. ಬಾಗಿಲ ಹಿಂದೆ ಯಾರೋ ನಿಂತಿದ್ದಾರೆ ಅನ್ನುವಲ್ಲಿಗೆ ನಿಲ್ಲಿಸಿ, ಒಲೆಯ ಮೇಲೆ ಹಾಲಿದೆ ಅಂತ ಎದ್ದುಹೋಗಿ.

ಇನ್ನೊಂದು ಉಪಾಯ, ಖರ್ಚಿಲ್ಲದ್ದು. ಮಗಳಿಗೆ ಒಂದು ಕಥೆ ಶುರುಮಾಡಿ ಕೊಡಿ, ಹೀಗೆ: ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳದಲ್ಲಿ ಐದು ಮಾಯ. ಹೋದದ್ದು ಚಾಪೆಯ ಒಂದೇ ಅಂಚಿನಿಂದ. ಕಾಗೆಯಾದರೆ ಚೂರು ಬಿದ್ದಿರಬೇಕು, ದನವಾದರೆ ಚಾಪೆ ಮುದುಡಿರಬೇಕು. ಎರಡೂ ಇಲ್ಲ. ಮುಂದಿನದ್ದನ್ನು ಅವಳೇ ಬರೆಯಲಿ. ಎರಡು ಪುಟದೊಳಗಿದ್ದರೆ ಮಕ್ಕಳ ಪುಟಕ್ಕೆ ಕಳಿಸಿ, ತಪ್ಪುಗಳನ್ನು ನೀವು ತಿದ್ದಬೇಡಿ. ಕದ್ದವರ ಹೆಸರು ಮಾತ್ರ ಬೇರೆ ಹಾಳೆಯಲ್ಲಿರಲಿ, ಅದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ