‘ಸಾಗಿಸು’ ಎಂಬ ಮಾತನ್ನು ಮನುಷ್ಯರಿಗೆ ಬಳಸಬಹುದೆ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ವಿದ್ಯಾರ್ಥಿಯೊಬ್ಬ ಪ್ರಬಂಧದಲ್ಲಿ ‘ತಾತನನ್ನು ಆಸ್ಪತ್ರೆಗೆ ಸಾಗಿಸಿದೆವು’ ಎಂದು ಬರೆದಿದ್ದ. ಸರಕಿಗೆ ಬಳಸುವ ಮಾತನ್ನು ಹಿರಿಯರಿಗೆ ಬಳಸಬಾರದೆಂದು ತಿದ್ದಿದೆ. ಆದರೆ ‘ಗಾಯಾಳುಗಳನ್ನು ಸಾಗಿಸಲಾಯಿತು’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ನನ್ನ ತಿದ್ದುಪಡಿ ಸರಿಯೆ? ‘ಸ್ಥಳಾಂತರಿಸು’, ‘ವರ್ಗಾಯಿಸು’ ಎಂಬುವುಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ತಿಳಿಸಬೇಕು.

ಉತ್ತರ: ವಿದ್ಯಾರ್ಥಿಯ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ಹಾಗಿದ್ದೂ ಅದು ನಿಮ್ಮ ಕಿವಿಗೆ ಒಪ್ಪದಿರುವುದಕ್ಕೆ ಬಲವಾದ ಕಾರಣವಿದೆ.

‘ಸಾಗು’ ಎಂಬುದು ಮುಂದಕ್ಕೆ ಹೋಗುವುದನ್ನು ಹೇಳುವ ಅಕರ್ಮಕ ಧಾತು. ಮೆರವಣಿಗೆ ಸಾಗುತ್ತದೆ, ಕೆಲಸ ಸಾಗುತ್ತದೆ. ‘ನಿನ್ನ ಆಟ ಇಲ್ಲಿ ಸಾಗದು’ ಎಂದೂ ಹೇಳುತ್ತೇವೆ. ಇದಕ್ಕೆ ‘ಇಸು’ ಸೇರಿದಾಗ ಪ್ರೇರಣಾರ್ಥ ಬಂದು ಧಾತು ಸಕರ್ಮಕವಾಗುತ್ತದೆ. ಅಂದರೆ ತಾನಾಗಿ ಸಾಗದಿರುವುದನ್ನು ಮತ್ತೊಬ್ಬರು ಸಾಗುವಂತೆ ಮಾಡುತ್ತಾರೆ. ಹೀಗೆ ಹುಟ್ಟಿದ ಕ್ರಿಯಾಪದಕ್ಕೆ ಎರಡು ಅರ್ಥಗಳು ನೆಲೆಗೊಂಡಿವೆ. ‘ಸಂಸಾರ ಸಾಗಿಸು’ ಎನ್ನುವಲ್ಲಿ ನಡೆಸಿಕೊಂಡು ಹೋಗುವ ಅರ್ಥವಿದ್ದು, ‘ಎಲ್ಲಿಗೆ?’ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ‘ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಿದರು’ ಎನ್ನುವಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲದೆ ವಾಕ್ಯವೇ ಪೂರ್ಣವಾಗದು. ನಿಮ್ಮ ತಾಲ್ಲೂಕಿನಲ್ಲಿ ತೆಲುಗು ಮನೆಮಾತಿನ ಮಕ್ಕಳು ಹೆಚ್ಚಾಗಿರುವುದರಿಂದ ಒಂದು ಮಾತನ್ನು ಸೇರಿಸುತ್ತೇನೆ: ತೆಲುಗಿನ ‘ಸಾಗಿಂಚು’ ಮುಖ್ಯವಾಗಿ ಮೊದಲ ಅರ್ಥವನ್ನೇ ಕೊಡುತ್ತದೆ, ಎರಡನೆಯದಕ್ಕೆ ಆ ಭಾಷೆಯಲ್ಲಿ ‘ತರಲಿಂಚು’ ಎಂಬ ಬೇರೆ ಕ್ರಿಯಾಪದವಿದೆ. ಹೀಗಾಗಿ ಕನ್ನಡದ ಎರಡನೆಯ ಅರ್ಥವನ್ನು ತರಗತಿಯಲ್ಲಿ ಉದಾಹರಣೆಗಳೊಂದಿಗೆ ಬಿಡಿಸಿ ಹೇಳುವುದು ಅಗತ್ಯ.

ಈ ಎರಡನೆಯ ಅರ್ಥದಲ್ಲಿ ಸಾಗುವ ವಸ್ತುವಿಗೆ ಸ್ವಂತ ಇಚ್ಛೆಯಾಗಲಿ ಚಲನೆಯಾಗಲಿ ಇರುವುದಿಲ್ಲ. ಕೋಲಾರದ ಮಾರುಕಟ್ಟೆಯಿಂದ ಹೊರರಾಜ್ಯಗಳಿಗೆ ಟೊಮೆಟೊ ಸಾಗಿಸುತ್ತಾರೆ, ಬೇಸಿಗೆಯಲ್ಲಿ ಟ್ಯಾಂಕರ್‌ಗಳಲ್ಲಿ ನೀರು ಸಾಗಿಸುತ್ತಾರೆ. ಆದರೆ ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದನ್ನು ಹೇಳುವಾಗ ‘ಹರಿಸು’ ಎಂಬುದೇ ಸಹಜವಾದ ಮಾತು, ಏಕೆಂದರೆ ಹರಿಯುವುದು ನೀರಿನ ಸ್ವಭಾವ. ಪ್ರಜ್ಞೆ ತಪ್ಪಿದ ಗಾಯಾಳು ತಾನಾಗಿ ಚಲಿಸಲಾರನಾದ್ದರಿಂದ ಪತ್ರಿಕೆಯ ಬಳಕೆಯೂ ಸರಿಯಾಗಿದೆ. ‘ಮಾನವ ಕಳ್ಳಸಾಗಣೆ’ ಎಂಬ ಮಾತಿನಲ್ಲಿರುವ ಕ್ರೌರ್ಯಕ್ಕೂ ಇದೇ ಮೂಲ: ಅಲ್ಲಿ ಮನುಷ್ಯರನ್ನು ಸರಕಿನಂತೆ ಕಾಣಲಾಗುತ್ತದೆ.

ತಾತ ಕೈಹಿಡಿದು ನಡೆದು ಬಂದಿದ್ದರೆ ‘ಕರೆದೊಯ್ದೆವು’ ಎನ್ನಬೇಕು. ಮಂಚದಿಂದ ಎತ್ತಿ ಆಂಬುಲೆನ್ಸ್‌ನಲ್ಲಿ ಮಲಗಿಸಿದ್ದರೆ ‘ಸಾಗಿಸಿದೆವು’ ಎಂಬುದು ತಪ್ಪಲ್ಲ. ಆದರೂ ಮನೆಯ ಹಿರಿಯರ ವಿಷಯವನ್ನು ಮೊಮ್ಮಗನೇ ಬರೆಯುವಾಗ ವರದಿಗಾರರ ಮಾತಿಗಿಂತ ‘ಆಸ್ಪತ್ರೆಗೆ ಸೇರಿಸಿದೆವು’ ಎಂಬುದು ಹೆಚ್ಚು ಆಪ್ತವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಮಗುವಿಗೆ ಸಲಹೆಯಾಗಿ ಹೇಳಿ, ಅಂಕ ಮಾತ್ರ ಕಳೆಯಬೇಡಿ. ‘ಸಾಗಹಾಕು’ ಎಂಬುದರ ವಿಷಯದಲ್ಲಿ ಇಷ್ಟು ಉದಾರವಾಗಿರಬೇಕಾಗಿಲ್ಲ. ‘ನೆಪ ಹೇಳಿ ಸಾಗಹಾಕಿದರು’ ಎನ್ನುವಲ್ಲಿ ತೊಲಗಿಸಿದ ಭಾವ ಸ್ಪಷ್ಟವಾಗಿದೆ.

ಇನ್ನು ಉಳಿದ ಎರಡು. ‘ಸಾಗಿಸು’ ಎಂದಾಗ ಹೊತ್ತೊಯ್ಯುವ ಕೆಲಸವೂ ನಡುವಿನ ದಾರಿಯೂ ಮನಸ್ಸಿಗೆ ಬರುತ್ತವೆ. ‘ಸ್ಥಳಾಂತರಿಸು’ ಎಂದಾಗ ನೆಲೆ ಬದಲಾದದ್ದು ಮುಖ್ಯವಾಗುತ್ತದೆ. ‘ವರ್ಗಾಯಿಸು’ ಎಂದಾಗ ಅಧಿಕಾರ, ಒಡೆತನ ಅಥವಾ ಹೊಣೆ ಒಬ್ಬರಿಂದ ಮತ್ತೊಬ್ಬರಿಗೆ ಹೋಗುತ್ತದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ನಿಮ್ಮ ಚಿಂತಾಮಣಿ ಇದ್ದಲ್ಲಿಯೇ ಇತ್ತು, ಒಂದು ಮನೆಯೂ ಸ್ಥಳಾಂತರವಾಗಲಿಲ್ಲ. ಜಿಲ್ಲಾ ಆಡಳಿತದ ಹೊಣೆ ಮಾತ್ರ ವರ್ಗವಾಯಿತು. ಆ ಸಂದರ್ಭದ ಕಡತಗಳ ಬಗ್ಗೆ ಬರೆಯುವವರು, ಅವು ಯಾರ ಸುಪರ್ದಿಗೆ ಸೇರಿದವೆಂದು ಹೇಳಲು ‘ವರ್ಗಾಯಿಸಿದರು’ ಎಂದೂ, ಕಪಾಟುಗಳಿಂದ ಇಳಿಸಿ ವಾಹನಕ್ಕೆ ತುಂಬಿ ಕಳುಹಿಸಿದ್ದನ್ನು ಹೇಳಲು ‘ಸಾಗಿಸಿದರು’ ಎಂದೂ ಬರೆಯಬೇಕಾಗುತ್ತದೆ. ನೌಕರರ ವರ್ಗಾವಣೆಯೂ ಹುದ್ದೆಗೆ ಸಂಬಂಧಿಸಿದ್ದೇ. ಅದೇ ಕಟ್ಟಡದ ಇನ್ನೊಂದು ವಿಭಾಗಕ್ಕೆ ಹೋದರೂ ಅದು ವರ್ಗಾವಣೆಯೇ. ಅಂಚೆ, ಸಂದೇಶ, ಸರಕುಗಳಿಗೆ ಬಳಸುವ ‘ರವಾನಿಸು’ ಪಾರಸಿ ಮೂಲದ್ದು. ಅಲ್ಲಿ ಕಳುಹಿಸಿದಲ್ಲಿಗೆ ಕೆಲಸ ಮುಗಿಯುತ್ತದೆ, ತಲುಪಿತೆ ಎಂಬುದು ಬೇರೆ ಮಾತು.

ಅಂಗಡಿಗಳ ಮುಂದೆ ಕಾಣುವ ‘ನಮ್ಮ ಅಂಗಡಿ ಸ್ಥಳಾಂತರಿಸಿದೆ’ ಎಂಬ ಬರಹವನ್ನು ಮಾತ್ರ ನಿಸ್ಸಂಕೋಚವಾಗಿ ತಿದ್ದಿಸಿ. ಅಲ್ಲಿ ಸಕರ್ಮಕ ಕ್ರಿಯಾಪದಕ್ಕೆ ಕರ್ಮವೇ ಇಲ್ಲ, ಅಂಗಡಿಯೇ ಏನನ್ನೋ ಹೊತ್ತು ಹೋದಂತಾಗುತ್ತದೆ. ‘ಅಂಗಡಿಯನ್ನು ಸ್ಥಳಾಂತರಿಸಲಾಗಿದೆ’ ಅಥವಾ ‘ಅಂಗಡಿ ಸ್ಥಳಾಂತರಗೊಂಡಿದೆ’ ಎಂದು ಬರೆಸಬೇಕು. ಫಲಕದಲ್ಲಿ ಜಾಗ ಕಡಿಮೆಯಿದ್ದರೆ ‘ಅಂಗಡಿ ಸ್ಥಳಾಂತರವಾಗಿದೆ’ ಎಂದರೂ ಸಾಕು.