ಕ್ಯಾನ್ಸಲ್ ಒತ್ತಿದರೂ ಬಿಲ್ ಸೇವ್ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ಕೋಲಾರದ ಒಂದು ಟೊಮೆಟೊ ಮಂಡಿಗೆ ಬಿಲ್ಲಿಂಗ್ ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಸರ್ವರ್ ಕೋಡ್ ಪಿಎಚ್‌ಪಿಯಲ್ಲಿದೆ, ಡೇಟಾಬೇಸ್ ಮೈಎಸ್‌ಕ್ಯುಎಲ್. ಬಾಕ್ಸ್ ಲೆಕ್ಕವೋ ರೇಟೋ ಅನುಮಾನ ಬರುವಂತಿದ್ದರೆ ಸೇವ್ ಆಗುವ ಮೊದಲು ರೈಟರ್‌ನ (ಬಿಲ್ ಬರೆಯುವ ಗುಮಾಸ್ತರ) ಒಂದು ಮಾತು ಕೇಳಬೇಕು ಅಂತ ಮಾಲೀಕರು ಹೇಳಿದರು. ಸರ್ವರ್ ಕೋಡ್ ಮಧ್ಯದಲ್ಲೇ ಎಕೋ ಮಾಡಿ ಜಾವಾಸ್ಕ್ರಿಪ್ಟ್‌ನ ಕನ್ಫರ್ಮ್ (‘ಓಕೆ’, ‘ಕ್ಯಾನ್ಸಲ್’ ಕೇಳುವ ಪೆಟ್ಟಿಗೆ) ಹಾಕಿದೆ. ಪ್ರಶ್ನೆ ಬರುತ್ತದೆ, ಆದರೆ ‘ಕ್ಯಾನ್ಸಲ್’ ಒತ್ತಿದರೂ ಬಿಲ್ ಸೇವ್ ಆಗಿರುತ್ತದೆ. ಮೊನ್ನೆ 150 ಬಾಕ್ಸ್ ಇದ್ದದ್ದು 1,500 ಆಗಿ ಕೂತಿತ್ತು. ಉತ್ತರ ಬರುವ ತನಕ ಸರ್ವರ್ ಕಾಯುವ ಹಾಗೆ ಮಾಡುವುದು ಹೇಗೆ?
— ಓದುಗರು, ಶ್ರೀನಿವಾಸಪುರ

ಉತ್ತರ: ಕಾಯುವ ಹಾಗೆ ಮಾಡಬೇಡಿ. ಎಕೋದಿಂದ ಅದು ಆಗುವುದೂ ಇಲ್ಲ, ಬೇರೆ ದಾರಿಯಲ್ಲಿ ಆದರೂ ಒಳ್ಳೆಯದಲ್ಲ.

ನಿಮ್ಮ ಕೋಡ್‌ನಲ್ಲಿ ಏನಾಗುತ್ತಿದೆ ನೋಡಿ. ಎಕೋ ಅಂದರೆ ಬ್ರೌಸರ್‌ಗೆ ಕಳಿಸುವ ಪುಟದಲ್ಲಿ ಒಂದು ಸಾಲು ಬರೆಯುವುದು, ಅಷ್ಟೇ. ಪಿಎಚ್‌ಪಿ ಅದನ್ನು ಬರೆದು ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹೋಗಿ ಬಿಲ್ ಸೇವ್ ಮಾಡಿ ಕೆಲಸ ಮುಗಿಸುತ್ತದೆ. ಆಮೇಲೆ ಆ ಪುಟ ಮಂಡಿಯ ಕಂಪ್ಯೂಟರ್‌ಗೆ ಬರುತ್ತದೆ, ಆಗ ಪ್ರಶ್ನೆ ಕಾಣಿಸುತ್ತದೆ. ರೈಟರ್ ಕ್ಯಾನ್ಸಲ್ ಒತ್ತುವಾಗ ಆ ಕಡೆ ಕೇಳುವವರು ಯಾರೂ ಇರುವುದಿಲ್ಲ.

ನಾನು ಶಿಡ್ಲಘಟ್ಟದವಳು, ನಮ್ಮಪ್ಪ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು. ಚಿಕ್ಕವಳಿದ್ದಾಗ ಅಪ್ಪನ ಜೊತೆ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಹೋಗುತ್ತಿದ್ದೆ. ಬೆಲೆ ಕೂಗಿದ ಮೇಲೆ ರೈತ ಹಿಂದೆ ಮುಂದೆ ನೋಡಿದರೆ ಹರಾಜಿನವರು ಅಲ್ಲೇ ನಿಲ್ಲುತ್ತಿರಲಿಲ್ಲ. ಲಾಟಿನ ನಂಬರು, ಬೆಲೆ ಚೀಟಿಯಲ್ಲಿ ಬರೆದುಕೊಂಡು ಮುಂದಿನ ಲಾಟಿಗೆ ಹೋಗುತ್ತಿದ್ದರು. ರೈತ ಒಪ್ಪಿದರೆ ಆ ಚೀಟಿಯಂತೆ ವ್ಯಾಪಾರ, ಇಲ್ಲದಿದ್ದರೆ ಇನ್ನೊಂದು ಸುತ್ತು. ನಿಮ್ಮ ಸರ್ವರ್ ಮಾಡಬೇಕಾದದ್ದೂ ಇಷ್ಟೇ. ಕೇಳುವುದು ಒಂದು ಸಲ, ಮಾಡುವುದು ಇನ್ನೊಂದು ಸಲ.

ಮೊದಲ ಸಲ ಬಿಲ್ ಬಂದಾಗ ಸರ್ವರ್ ಎಲ್ಲ ತಪಾಸಣೆಯನ್ನೂ ಮಾಡಲಿ. ಅನುಮಾನ ಕಂಡರೆ ಡೇಟಾಬೇಸ್‌ನಲ್ಲಿ ಏನನ್ನೂ ಬರೆಯದೆ, ಯಾವ ಯಾವ ಅನುಮಾನ ಅಂತ ಪಟ್ಟಿ ಮಾಡಿ ವಾಪಸ್ ಕಳಿಸಲಿ. ಎಚ್‌ಟಿಟಿಪಿಯ 409 ಕೋಡ್ (ಸರ್ವರ್ ಬ್ರೌಸರ್‌ಗೆ ‘ತಕರಾರಿದೆ’ ಅನ್ನುವ ಸೂಚನೆ) ಜೊತೆ ಕಳಿಸಬಹುದು. ಬ್ರೌಸರ್ ಆ ಪಟ್ಟಿಯನ್ನು ರೈಟರ್‌ಗೆ ತೋರಿಸುತ್ತದೆ. ಕ್ಯಾನ್ಸಲ್ ಅಂದರೆ ಅಲ್ಲಿಗೆ ಮುಗಿಯಿತು, ಅಳಿಸಲು ಏನೂ ಇರುವುದಿಲ್ಲ. ಹೌದು ಅಂದರೆ ಅದೇ ಬಿಲ್ ಎರಡನೇ ಸಲ ಬರುತ್ತದೆ.

ಎರಡನೇ ಸಲ ಬಂದಾಗ ತುಂಬ ಜನ ಎಡವುತ್ತಾರೆ. ‘ಒಪ್ಪಿದೆ’ ಅಂತ ಒಂದೇ ಒಂದು ಗುರುತು ಕಳಿಸಿ, ಅದು ಕಂಡರೆ ಸಾಕು ಎಲ್ಲ ತಪಾಸಣೆ ಬಿಟ್ಟುಬಿಡುತ್ತಾರೆ. ಬೇಡ. ರೈಟರ್ ಯಾವ ಅನುಮಾನಕ್ಕೆ ಹೌದು ಅಂದರೋ ಅದರ ಹೆಸರು ಬರಲಿ, ಯಾವ ಅಂಕಿಗೆ ಅಂದರೋ ಆ ಅಂಕಿಯೂ ಬರಲಿ. ಸರ್ವರ್ ಮತ್ತೆ ಮೊದಲಿಂದ ತಪಾಸಣೆ ಮಾಡಲಿ. ಅವರು ಬಾಕ್ಸ್ ಲೆಕ್ಕ ನೋಡುತ್ತಾ ಕೂತಿದ್ದಾಗ ಪಕ್ಕದ ಕೌಂಟರ್‌ನಲ್ಲಿ ಅದೇ ರೈತರಿಗೆ ಅಡ್ವಾನ್ಸ್ ಕೊಟ್ಟಿರಬಹುದು ಅಲ್ವಾ? ಆಗ ಹೊಸ ಅನುಮಾನ ಹುಟ್ಟುತ್ತದೆ, ಅದನ್ನು ಇನ್ನೊಮ್ಮೆ ಕೇಳಲೇಬೇಕು. ಜೊತೆಗೆ ಪ್ರತಿ ಬಿಲ್‌ಗೂ ಮೊದಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಡೇಟಾಬೇಸ್‌ನಲ್ಲಿ ಅದನ್ನು ಯೂನಿಕ್ ಮಾಡಿಡಿ, ಅಂದರೆ ಒಂದೇ ಸಂಖ್ಯೆ ಎರಡು ಸಲ ಸೇರದ ಹಾಗೆ. ನೆಟ್ ಸ್ಲೋ ಇದ್ದಾಗ ರೈಟರ್ ಎರಡೆರಡು ಸಲ ಒತ್ತುತ್ತಾರೆ, ಆದರೂ ಬಿಲ್ ಒಂದೇ ಆಗುತ್ತದೆ.

ವೆಬ್‌ಸಾಕೆಟ್ (ಬ್ರೌಸರ್, ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ) ಹಾಕಿದರೆ ಸರ್ವರ್ ಮಧ್ಯದಲ್ಲೇ ಕೇಳಬಹುದಲ್ಲ ಅಂತ ನೀವು ಕೇಳಬಹುದು. ಕೇಳಬಹುದು, ಆದರೆ ಕೆಲಸವನ್ನು ಅರ್ಧಕ್ಕೆ ಹಿಡಿದುಕೊಂಡು ಕಾಯಬಾರದು. ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುತ್ತಿದ್ದ ದಿನಗಳಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಡೇಟಾಬೇಸ್ ಕೆಲಸ) ತೆರೆದು, ರೈತರ ಖಾತೆಗಳನ್ನು ಬೇರೆಯವರು ಬದಲಿಸದ ಹಾಗೆ ಲಾಕ್ ಮಾಡಿ, ‘ಮುಂದುವರಿಯಲಾ?’ ಅಂತ ಪರದೆಯ ಮೇಲೆ ಕೇಳಿದೆ. ಗುಮಾಸ್ತರು ಅದನ್ನು ಹಾಗೇ ಬಿಟ್ಟು ಟೀ ಕುಡಿಯಲು ಹೋದರು. ಉಳಿದ ಮೂರು ಕೌಂಟರ್‌ಗಳೂ ನಿಂತವು. ಕಿಟಕಿಯ ಮುಂದೆ ಚೀಟಿ ಹಿಡಿದು ನಿಂತಿದ್ದ ರೈತರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೈಎಸ್‌ಕ್ಯುಎಲ್‌ನಲ್ಲಿ ಮಾಹಿತಿ ಇಡುವ ಭಾಗವಾದ ಇನ್ನೊಡಿಬಿಯಲ್ಲಿ ಲಾಕ್‌ಗಾಗಿ ಕಾಯುವ ಅವಧಿ ನೀವೇನೂ ಬದಲಿಸದಿದ್ದರೆ 50 ಸೆಕೆಂಡ್. ಅಷ್ಟರಲ್ಲಿ ಲಾಕ್ ಸಿಗದಿದ್ದರೆ ಕಾಯುತ್ತಿದ್ದವರ ಕೆಲಸಕ್ಕೆ ಎರರ್ ಬರುತ್ತದೆ. ಒಂದು ಟೀ 50 ಸೆಕೆಂಡ್‌ನಲ್ಲಿ ಮುಗಿಯುವುದಿಲ್ಲ.

ಹಾಗಂತ ಬ್ರೌಸರ್‌ನ ಪ್ರಶ್ನೆಯನ್ನೇ ನಂಬಿಕೊಂಡು ಕೂರುವ ಹಾಗೂ ಇಲ್ಲ. 2005ರಲ್ಲಿ ಗೂಗಲ್ ‘ವೆಬ್ ಆ್ಯಕ್ಸಿಲರೇಟರ್’ ಅಂತ ಒಂದು ಸಾಧನ ತಂದಿತು. ಪುಟ ಬೇಗ ತೆರೆಯಲಿ ಅಂತ ಅದು ಲಿಂಕ್‌ಗಳನ್ನು ಮೊದಲೇ ತಾನೇ ತೆರೆದು ನೋಡುತ್ತಿತ್ತು. ಕೆಲವು ಆ್ಯಪ್‌ಗಳಲ್ಲಿ ‘ಡಿಲೀಟ್’ ಕೂಡ ಬರೀ ಲಿಂಕ್ ಆಗಿತ್ತು. ಜಾವಾಸ್ಕ್ರಿಪ್ಟ್‌ನ ಪ್ರಶ್ನೆ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ, ಜನರ ಮಾಹಿತಿ ಅಳಿಸಿಹೋಯಿತು. ಬದಲಾವಣೆ ಮಾಡುವ ಕೆಲಸ ಯಾವತ್ತೂ ಗೆಟ್‌ನಲ್ಲಿ (ಲಿಂಕ್ ತೆರೆದಾಗ ಹೋಗುವ ಕೋರಿಕೆ) ಬೇಡ, ಪೋಸ್ಟ್‌ನಲ್ಲೇ (ಫಾರಂ ತುಂಬಿ ಕಳಿಸುವ ಕೋರಿಕೆ) ಇರಲಿ.

ಇನ್ನು ಏನು ಕೇಳಬೇಕು ಅನ್ನುವುದು. ನನಗೆ ಕೋಡ್‌ಗಿಂತ ಇದೇ ಮುಖ್ಯ. ‘ಖಚಿತವೇ?’ ಅಂತ ಸುಮ್ನೆ ಕೇಳಿದರೆ ಯಾರೂ ಓದುವುದಿಲ್ಲ, ಕೈ ತಾನಾಗಿ ಹೌದು ಒತ್ತುತ್ತದೆ. ಹೀಗೆ ಕೇಳಿ: ‘1,500 ಬಾಕ್ಸ್, ಬಾಕ್ಸ್‌ಗೆ 180 ರೂ., ಒಟ್ಟು 2,70,000 ರೂ. ಈ ರೈತರು ಈ ವಾರ ತಂದ ದೊಡ್ಡ ಲೋಡ್ 160 ಬಾಕ್ಸ್. ಸರಿಯೇ?’ ಅಂಕಿ ಕಂಡ ತಕ್ಷಣ ರೈಟರ್‌ಗೆ ಸೊನ್ನೆ ಜಾಸ್ತಿ ಬಿದ್ದಿರುವುದು ಗೊತ್ತಾಗುತ್ತದೆ. ಬಟನ್ ಮೇಲೂ ‘ಓಕೆ’ ಬದಲು ‘1,500 ಬಾಕ್ಸ್ ಸೇವ್ ಮಾಡು’, ‘ತಿದ್ದುತ್ತೇನೆ’ ಅಂತಿರಲಿ.

ಕಡಿಮೆ ಸಲ ಕೇಳಿ. ಮಿತಿಯನ್ನು ಕೋಡ್‌ನಲ್ಲಿ ಕಲ್ಲಲ್ಲಿ ಕೆತ್ತಿದ ಹಾಗೆ ಇಡಬೇಡಿ. 2023ರ ಜುಲೈ ನೆನಪಿದೆಯಲ್ಲ, ಕೋಲಾರದಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂ. ದಾಟಿತ್ತು. ಸಾವಿರದ ಮೇಲೆ ಎಲ್ಲವೂ ಅನುಮಾನ ಅಂತ ಬರೆದಿದ್ದರೆ ಆ ದಿನಗಳಲ್ಲಿ ಬಿಲ್‌ಗೊಂದು ಪ್ರಶ್ನೆ ಬರುತ್ತಿತ್ತು. ಆ ದಿನದ ಬೇರೆ ಲಾಟುಗಳ ರೇಟಿನ ಜೊತೆ ಹೋಲಿಸಿ, ತುಂಬ ಆಚೀಚೆ ಇದ್ದರೆ ಮಾತ್ರ ಕೇಳಿ.

ಸಂಜೆ ಎಲ್ಲ ರೈತರಿಗೆ ಒಟ್ಟಿಗೆ ಹಣ ಹಾಕುವಾಗಲೂ ಇದೇ ಕ್ರಮ. 300 ಜನರಲ್ಲಿ 12 ಖಾತೆ ಅನುಮಾನ ಅಂದರೆ ಅನುಮಾನ ಬಂದ ಖಾತೆಯ ಹತ್ತಿರ ಕೆಲಸ ನಿಲ್ಲಿಸಿ ಕೇಳಬೇಡಿ. 288 ಜನರದ್ದು ಮುಗಿಸಿ, 12ನ್ನು ‘ಒಪ್ಪಿಗೆ ಬಾಕಿ’ ಅಂತ ಪಕ್ಕಕ್ಕಿಡಿ. ಮಾಲೀಕರು ಬಿಡುವಾದಾಗ ಒಂದೊಂದಾಗಿ ನೋಡಲಿ.

ಇವತ್ತೇ ಮಾಡಬೇಕಾದ ಒಂದು ಕೆಲಸ ಇದೆ. ಕ್ಯಾನ್ಸಲ್ ಒತ್ತಿ, ಬಿಲ್ ಹೋಗಿಲ್ಲ ಅಂದುಕೊಂಡು ರೈಟರ್ ಮತ್ತೆ ಬರೆದ ಬಿಲ್‌ಗಳು ನಿಮ್ಮಲ್ಲಿ ಎರಡೆರಡು ಕೂತಿರುತ್ತವೆ. ಒಂದೇ ರೈತರಿಗೆ ಒಂದೇ ದಿನ ಅರ್ಧ ಗಂಟೆಯ ಒಳಗೆ ಆದ ಬಿಲ್‌ಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಿ. ರೈಟರ್ ಪಕ್ಕದಲ್ಲಿ ಕೂತು ಕೈಬರಹದ ಚೀಟಿಗಳ ಜೊತೆ ತಾಳೆ ನೋಡಿ. ಈ ವಾರದ ಹಣ ರೈತರ ಕೈ ಸೇರುವ ಮೊದಲೇ ಇದು ಮುಗಿಯಬೇಕು.